ಮನೆ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟ್ ಬಿಲ್ ಸೊನ್ನೆ ಆಗುತ್ತದೆಯೇ?

ಹಲಸೂರಿನ ನಮ್ಮ ಬೀದಿಯಲ್ಲಿ ಒಬ್ಬರ ತಾರಸಿ ಮೇಲೆ ಸೋಲಾರ್ ಫಲಕಗಳಿವೆ. ಮೊನ್ನೆ ಹಾಡಹಗಲೇ ಕರೆಂಟ್ ಹೋದಾಗ ಅವರ ಮನೆಯ ಫ್ಯಾನೂ ನಿಂತಿತು. "ಇಷ್ಟು ಬಿಸಿಲಿದೆ, ಮತ್ತೆ ಆ ಫಲಕ ಯಾತಕ್ಕೆ?" ಎಂದು ಪಕ್ಕದ ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಬೆಸ್ಕಾಂ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್, ಜಾಲದಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇದು ದೋಷವಲ್ಲ. ನಿಲ್ಲದಿದ್ದರೆ ನಿಮ್ಮ ತಾರಸಿಯ ವಿದ್ಯುತ್ ಹೊರಗಿನ ತಂತಿಗೆ ಹರಿದು, ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವಕ್ಕೇ ಅಪಾಯ. ಕರೆಂಟ್ ಹೋದಾಗಲೂ ದೀಪ ಉರಿಯಬೇಕೆಂದರೆ ಬ್ಯಾಟರಿ ಇರುವ ವ್ಯವಸ್ಥೆ ಬೇಕು. ಅದಕ್ಕೆ ಖರ್ಚು ಹೆಚ್ಚು.

ಇನ್ನು ಬಿಲ್ಲಿನ ಮಾತು. ಬೆಂಗಳೂರಿನಲ್ಲಿ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ಕೊಡುತ್ತದೆ, ಅದಕ್ಕೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಇಂದಿರಾನಗರದ ಒಂದು ಮನೆ ತಿಂಗಳಿಗೆ 400 ಯೂನಿಟ್ ಬಳಸುತ್ತದೆ, ಮಂಜೂರಾದ ಲೋಡ್ 4 ಕಿಲೋವ್ಯಾಟ್ ಎಂದುಕೊಳ್ಳಿ. 2025-26ರ ಗೃಹಬಳಕೆ ದರ ಯೂನಿಟ್‌ಗೆ 5.80 ರೂಪಾಯಿ, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ರೂಪಾಯಿ. ತೆರಿಗೆ, ಸರ್‌ಚಾರ್ಜ್ ಬಿಟ್ಟು ಬಿಲ್ 2,900 ರೂಪಾಯಿ. 3 ಕಿಲೋವ್ಯಾಟ್ ಫಲಕ ಹಾಕಿದರೆ ಸುಮಾರು 360 ಯೂನಿಟ್ ಕಳೆದು 40 ಉಳಿಯುತ್ತದೆ, ಅಂದರೆ 232 ರೂಪಾಯಿ. ಆದರೆ ನಿಗದಿತ ಶುಲ್ಕದ 580 ರೂಪಾಯಿ ಎಲ್ಲಿಗೂ ಹೋಗುವುದಿಲ್ಲ! ಒಟ್ಟು 812. ದೊಡ್ಡ ಉಳಿತಾಯ ಹೌದು, ಸೊನ್ನೆ ಅಲ್ಲ. ರಾತ್ರಿ ನೀವು ಬಳಸುವುದು ಬೆಸ್ಕಾಂ ಕರೆಂಟನ್ನೇ. ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಈ ಶುಲ್ಕದಲ್ಲಿ ಬರುತ್ತದೆ.

ಉಳಿದ ವಿದ್ಯುತ್ತನ್ನು ಮಾರಿದರೆ? ಇಲ್ಲೇ ಜನ ಹೆಚ್ಚು ಗೊಂದಲಕ್ಕೆ ಬೀಳುವುದು. 2013ರ ಆದೇಶದಂತೆ ಸಬ್ಸಿಡಿ ಪಡೆಯದವರಿಗೆ ಯೂನಿಟ್‌ಗೆ 9.56 ರೂಪಾಯಿ ಸಿಗುತ್ತಿತ್ತು. ಫಲಕಗಳ ಬೆಲೆ ಇಳಿದಂತೆ ಹೊಸ ಒಪ್ಪಂದಗಳ ದರವೂ ಇಳಿಯಿತು, ಈಗ ಅದರ ಅರ್ಧಕ್ಕಿಂತಲೂ ಕಡಿಮೆ. ಒಪ್ಪಂದ 25 ವರ್ಷದ್ದು. ಹಾಗಾಗಿ ಹಳೆಯ ಒಪ್ಪಂದದವರ ಲೆಕ್ಕ ಕೇಳಿಕೊಂಡು ಸಾಲ ಮಾಡಬೇಡಿ, ನಿಮಗೆ ಅನ್ವಯಿಸುವುದು ಇಂದಿನ ದರ. ಫಲಕಕ್ಕೆ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ.

200 ಯೂನಿಟ್ ಒಳಗಿದ್ದು ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್‌ನಿಂದ ಉಳಿಯುವ ಹಣ ಏನೂ ಇಲ್ಲ. ಒಂದು ಯೋಜನೆ ಇನ್ನೊಂದರ ಕಾಲೆಳೆಯುತ್ತಿದೆ ಎಂದು ನನಗನ್ನಿಸುತ್ತದೆ. ಕೆ.ಆರ್.ಪುರದ ಅಪಾರ್ಟ್‌ಮೆಂಟ್‌ಗಳದು ಬೇರೆ ಕಷ್ಟ: ತಾರಸಿ ಒಂದೇ, ಮನೆಗಳು ಹತ್ತಾರು. ಅಲ್ಲಿ ಲಿಫ್ಟ್, ಪಂಪು, ಮೆಟ್ಟಿಲ ದೀಪಗಳ ಮೀಟರಿಗೆ ಫಲಕ ಜೋಡಿಸುವುದು ಸುಲಭದ ದಾರಿ.

ಈ ದರಗಳನ್ನು ನಿಗದಿ ಮಾಡುವುದು ಬೆಸ್ಕಾಂ ಎಂದೇ ಹಲವರ ನಂಬಿಕೆ. ಅಲ್ಲ, ಮಂತ್ರಿಯೂ ಅಲ್ಲ. 1999ರ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆಯಿಂದ ರಾಜ್ಯದಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. 2003ರ ಕೇಂದ್ರ ಕಾಯ್ದೆಯೂ ದರ ನಿಗದಿಯನ್ನು ಆಯೋಗಕ್ಕೇ ಬಿಟ್ಟಿದೆ. ಸರ್ಕಾರ ಉಚಿತ ಕರೆಂಟ್ ಕೊಡಬಹುದು, ಆದರೆ 65ನೇ ಕಲಂ ಪ್ರಕಾರ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಬಿಲ್ಲಿನಲ್ಲಿರುವ ವಿದ್ಯುತ್ ತೆರಿಗೆ ಮಾತ್ರ 1959ರ ರಾಜ್ಯ ಕಾಯ್ದೆಯದು, ಅದು ನೇರ ಸರ್ಕಾರದ ಬೊಕ್ಕಸಕ್ಕೆ.

ದರದ ಅರ್ಜಿ ಪ್ರಕಟವಾದಾಗ ಯಾವುದೇ ಗ್ರಾಹಕ ಆಕ್ಷೇಪ ಸಲ್ಲಿಸಬಹುದು, ಅದನ್ನು ಪರಿಗಣಿಸಿಯೇ ಆಯೋಗ ಆದೇಶ ಹೊರಡಿಸಬೇಕು ಎನ್ನುತ್ತದೆ 64ನೇ ಕಲಂ. ವಕೀಲರು ಬೇಕಿಲ್ಲ. ಆಯೋಗದ ಕಚೇರಿ ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್‌ನಲ್ಲಿದೆ, ಕಂಟೋನ್ಮೆಂಟ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು.