ಹೊಸ ರ‍್ಯಾಮ್ ಹಾಕಿದರೂ ವೇಗ 2666ಕ್ಕೇ ನಿಂತಿದೆಯೇ? ಪಲ್ಲಾವರಂ ಸಂತೆಗೆ ಹೋಗುವ ಮುನ್ನ ಇದನ್ನು ಓದಿ

ಚೆನ್ನೈ: ಶುಕ್ರವಾರ ಬಂತೆಂದರೆ ಪಲ್ಲಾವರಂನ ಹಳೆ ಟ್ರಂಕ್ ರಸ್ತೆಯಲ್ಲಿ ಸಂತೆ ನೆರೆಯುತ್ತದೆ. ಹೂವಿನ ಗಿಡ, ಬಟ್ಟೆ, ಪಾತ್ರೆ, ಹಳೆ ಫ್ಯಾನುಗಳ ನಡುವೆ ಕಂಪ್ಯೂಟರ್ ಬಿಡಿಭಾಗಗಳೂ ರಾಶಿ ಬಿದ್ದಿರುತ್ತವೆ. ಬೆಂಗಳೂರಿಗರಿಗೆ ಎಸ್‌ಪಿ ರೋಡ್ ಇದ್ದಂತೆ ಚೆನ್ನೈನಲ್ಲಿ ಹೊಸ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ರಿಚಿ ಸ್ಟ್ರೀಟ್, ಹಳೆಯದಕ್ಕೆ ಈ ಸಂತೆ. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಶಿಲಾಯುಗದ ಕೈಗೊಡಲಿಯನ್ನು ಪತ್ತೆ ಹಚ್ಚಿದ್ದು ಇದೇ ಪಲ್ಲಾವರಂನಲ್ಲಿ. ಹಳೆಯದನ್ನು ಹೆಕ್ಕುವುದು ಈ ಊರಿಗೆ ಹೊಸದೇನಲ್ಲ ಬಿಡಿ.

ಈಗ ಹಳೆ ರ‍್ಯಾಮ್‌ನತ್ತ ಜನ ಕಣ್ಣು ಹಾಯಿಸಲು ಕಾರಣವಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರದಿಂದ ಹೊರಬರುವುದಾಗಿ ಪ್ರಕಟಿಸಿತು. ಇನ್ನೊಂದೆಡೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹೊಸ ಕಂಪ್ಯೂಟರ್ ಕೊಳ್ಳಲಾಗದವರು ಇರುವುದಕ್ಕೇ ರ‍್ಯಾಮ್ ಸೇರಿಸಿ ವಿಂಡೋಸ್ 11 ಓಡಿಸಲು ನೋಡುತ್ತಿದ್ದಾರೆ. ಇಷ್ಟೆಲ್ಲ ಖರ್ಚು ಮಾಡಿ ತಂದ 3200ರ ರ‍್ಯಾಮ್ ಕಂಪ್ಯೂಟರ್‌ನಲ್ಲಿ 2666 ಎಂದೋ 2133 ಎಂದೋ ತೋರಿಸಿದರೆ, 'ಮೋಸ ಹೋದೆನೇ?' ಎಂಬ ಅನುಮಾನ ಸಹಜ. ಹೆಚ್ಚಿನ ಸಲ ಅದು ಮೋಸವಲ್ಲ.

ಮೊದಲು ಅಂಕಿಯನ್ನು ಸರಿಯಾಗಿ ಓದಿ

ಕೀಬೋರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿ ಪುಟದಲ್ಲಿ ರ‍್ಯಾಮ್ ಓಡುತ್ತಿರುವ ವೇಗವೂ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂಬುದೂ ಕಾಣುತ್ತದೆ.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡುವವರು 1600 ಎಂಬ ಅಂಕಿ ಕಂಡು ಗಾಬರಿಯಾಗುವುದುಂಟು. ಡಿಡಿಆರ್ ರ‍್ಯಾಮ್ ಗಡಿಯಾರದ ಒಂದು ಬಡಿತಕ್ಕೆ ಎರಡು ಬಾರಿ ಮಾಹಿತಿ ಸಾಗಿಸುತ್ತದೆ. ಹಾಗಾಗಿ 1600 ಮೆಗಾಹರ್ಟ್ಸ್ ಎಂದರೆ ಡಬ್ಬಿಯ ಮೇಲೆ ಅಚ್ಚಾಗಿರುವ 3200ಕ್ಕೆ ಸಮ. ಈ ಗೊಂದಲ ಬೇಡವೆಂದೇ ಈಚಿನ ವಿಂಡೋಸ್ 11 ಮೆಗಾಹರ್ಟ್ಸ್ ಬದಲು ಸೆಕೆಂಡಿಗೆ ಎಷ್ಟು ದಶಲಕ್ಷ ವರ್ಗಾವಣೆ ಎಂಬ ಲೆಕ್ಕದಲ್ಲಿ ವೇಗವನ್ನು ತೋರಿಸುತ್ತಿದೆ.

ವೇಗದ ಲಗಾಮು ಪ್ರೊಸೆಸರ್ ಕೈಯಲ್ಲಿ

ರ‍್ಯಾಮ್ ಎಷ್ಟು ವೇಗದ್ದಾದರೂ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಒಪ್ಪಿದಷ್ಟೇ ಓಡುತ್ತದೆ. ಉದಾಹರಣೆಗೆ, ಇಂಟೆಲ್ ಐ5-10400 ಪ್ರೊಸೆಸರ್ ಮತ್ತು ಎಚ್410 ಮದರ್‌ಬೋರ್ಡ್ ಇರುವ ಡೆಸ್ಕ್‌ಟಾಪ್ ತೆಗೆದುಕೊಳ್ಳಿ. ಈ ಜೋಡಿಯ ಮಿತಿ 2666. ಅದಕ್ಕೆ 3200ರ ರ‍್ಯಾಮ್ ಹಾಕಿದರೂ ಅದು 2666ಕ್ಕೆ ಇಳಿದು ಕೆಲಸ ಮಾಡುತ್ತದೆ. ಐ5-8250ಯು ಇರುವ ಹಳೆ ಲ್ಯಾಪ್‌ಟಾಪ್‌ನಲ್ಲಿ ಇದೇ ಮಿತಿ 2400. ಇಂಥ ಕಡೆ ಅಂಗಡಿಯವನ ಜತೆ ಜಗಳಕ್ಕೆ ಇಳಿದು ಪ್ರಯೋಜನವಿಲ್ಲ. ರ‍್ಯಾಮ್ ಬದಲಿಸಿದರೂ ಅಂಕಿ ಬದಲಾಗದು. ಕೊಳ್ಳುವ ಮೊದಲೇ ಪ್ರೊಸೆಸರ್ ಹೆಸರನ್ನು ಇಂಟೆಲ್ ಅಥವಾ ಎಎಂಡಿ ಜಾಲತಾಣದಲ್ಲಿ ಹುಡುಕಿ ಮೆಮೊರಿ ಮಿತಿ ನೋಡಿಕೊಂಡರೆ ಹಣ ಉಳಿಯುತ್ತದೆ.

ಬಯೋಸ್‌ನಲ್ಲಿ ಒಂದು ಸ್ವಿಚ್

ಮಿತಿ ಹೆಚ್ಚಿದ್ದೂ ವೇಗ ಕಡಿಮೆಯಿದ್ದರೆ ಮುಂದಿನ ಅನುಮಾನ ಬಯೋಸ್ ಸೆಟ್ಟಿಂಗ್ ಮೇಲೆ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ. 'ನಾನು ಇಷ್ಟು ವೇಗದವನು' ಎಂದು ಮದರ್‌ಬೋರ್ಡ್‌ಗೆ ಪರಿಚಯ ಹೇಳಿಕೊಳ್ಳುವುದು ಅದೇ. ಗೇಮಿಂಗ್ ರ‍್ಯಾಮ್‌ಗಳು ಸಾಮಾನ್ಯವಾಗಿ ಮೊದಲು 2133 ಅಥವಾ 2400ರಂಥ ಸುರಕ್ಷಿತ ವೇಗವನ್ನೇ ಹೇಳುತ್ತವೆ. ಡಬ್ಬಿಯ ಮೇಲಿನ ವೇಗ ಎಕ್ಸ್‌ಎಂಪಿ ಎಂಬ ಪ್ರತ್ಯೇಕ ಪ್ರೊಫೈಲ್‌ನಲ್ಲಿ ಅಡಗಿರುತ್ತದೆ. ಡಿಡಿಆರ್5ರಲ್ಲಿ ಎಎಂಡಿಯದ್ದೇ ಆದ ಎಕ್ಸ್‌ಪೋ ಇದೆ. ಅದನ್ನು ನಾವೇ ಆನ್ ಮಾಡಬೇಕು.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋದರೆ ಈ ಆಯ್ಕೆ ಸಿಗುತ್ತದೆ. ಎಎಂಡಿಯ ಬಿ450, ಬಿ550, ಇಂಟೆಲ್‌ನ ಝಡ್ ಸರಣಿ ಹಾಗೂ ಬಿ560 ಬೋರ್ಡ್‌ಗಳಲ್ಲಿ ಇದು ಕೆಲಸ ಮಾಡುತ್ತದೆ. ಬಹುತೇಕ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಯೇ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ.

ಒಂದು ಎಚ್ಚರಿಕೆ ಮಾತ್ರ ಮರೆಯುವಂತಿಲ್ಲ. ಕಂಪ್ಯೂಟರ್‌ನಲ್ಲಿ ಬಿಟ್‌ಲಾಕರ್ ಸಕ್ರಿಯವಾಗಿದ್ದರೆ, ಬಯೋಸ್ ಬದಲಾವಣೆಯ ನಂತರ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಿಗದಿದ್ದರೆ ಡಿಸ್ಕ್‌ನಲ್ಲಿರುವ ಮಗುವಿನ ಫೋಟೋ, ಅಂಗಡಿ ಲೆಕ್ಕ, ಪ್ರಾಜೆಕ್ಟ್ ವರದಿ ಎಲ್ಲದಕ್ಕೂ ಬೀಗ ಬಿದ್ದಂತೆಯೇ. ಬಯೋಸ್ ಮುಟ್ಟುವ ಮೊದಲು ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ನೋಡಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಪರದೆ ಬರದಿದ್ದರೆ ಹೆದರುವ ಅಗತ್ಯವಿಲ್ಲ. ಕೆಲವು ಬಾರಿ ಸೋತ ಬಳಿಕ ಹಲವು ಬೋರ್ಡ್‌ಗಳು ತಾವಾಗಿಯೇ ಹಳೆ ವೇಗಕ್ಕೆ ಮರಳುತ್ತವೆ. ಇಲ್ಲವಾದರೆ ವಿದ್ಯುತ್ ಪ್ಲಗ್ ತೆಗೆದು, ಬೋರ್ಡ್ ಮೇಲಿನ ಸಿಆರ್2032 ಬಟನ್ ಬ್ಯಾಟರಿಯನ್ನು ಕೆಲ ನಿಮಿಷ ಹೊರತೆಗೆದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಸೆಟ್ಟಿಂಗ್ ಅಳಿಸಿಹೋಗುತ್ತದೆ.

ಹಳೆಯದನ್ನು ಕಿತ್ತುಹಾಕಬೇಕೇ?

ಹಳೆ 8 ಜಿಬಿ, 2400ರ ರ‍್ಯಾಮ್ ಪಕ್ಕ ಹೊಸ 8 ಜಿಬಿ, 3200ರ ರ‍್ಯಾಮ್ ಕೂರಿಸಿದರೆ ಎರಡೂ 2400ರಲ್ಲೇ ಓಡುತ್ತವೆ. ಹೊಸದರ ವೇಗ ಹಾಳಾಯಿತೆಂದು ಹಳೆಯದನ್ನು ತೆಗೆದಿಡುವವರಿದ್ದಾರೆ. ಲೆಕ್ಕ ಮಾಡಿ ನೋಡಿದರೆ ಅದು ನಷ್ಟದ ಬಾಬ್ತು. ಒಂದು ಚಾನೆಲ್ ಒಮ್ಮೆಗೆ 8 ಬೈಟ್ ಸಾಗಿಸುತ್ತದೆ. 3200ರ ಒಂದೇ ಪಟ್ಟಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಿದರೆ, 2400ರ ಎರಡು ಪಟ್ಟಿಗಳು ಡ್ಯುಯಲ್ ಚಾನೆಲ್‌ನಲ್ಲಿ 38.4 ಜಿಬಿ ಸಾಗಿಸುತ್ತವೆ. ಜತೆಗೆ ಒಟ್ಟು 16 ಜಿಬಿ ಜಾಗವೂ ಸಿಗುತ್ತದೆ. ನಿಧಾನದ ಜೋಡಿಯೇ ಒಂಟಿ ವೇಗಿಗಿಂತ ಮೇಲು.

ಆದರೆ ಸ್ಲಾಟ್ ಸರಿಯಿರಬೇಕು. ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಎರಡು ಪಟ್ಟಿಗಳಿದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. ಅಕ್ಕಪಕ್ಕ ಕೂರಿಸಿದರೆ ಡ್ಯುಯಲ್ ಚಾನೆಲ್ ಕೈತಪ್ಪುವ ಸಾಧ್ಯತೆ ಹೆಚ್ಚು. ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ಬೋರ್ಡ್‌ಗೇ ಬೆಸುಗೆಯಾಗಿದ್ದು, ಸ್ಲಾಟ್‌ಗೆ 8 ಜಿಬಿ ಸೇರಿಸಿದರೆ ಮೊದಲ 8 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ, ಉಳಿದ 4 ಜಿಬಿ ಒಂಟಿಯಾಗಿ ಕೆಲಸ ಮಾಡುತ್ತವೆ. ಅದೂ ದೋಷವಲ್ಲ.

ಸಂತೆಯಲ್ಲಿ ಏನು ನೋಡಬೇಕು?

ಸ್ಟಿಕ್ಕರ್ ನಂಬಬೇಡಿ, ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಸಿಪಿಯು-ಝಡ್‌ನ ಎಸ್‌ಪಿಡಿ ಪುಟ ತೋರಿಸುವ ಕಂಪನಿ, ಭಾಗದ ಸಂಖ್ಯೆ, ವೇಗ ಸ್ಟಿಕ್ಕರ್‌ಗೆ ಹೊಂದುತ್ತವೆಯೇ ಎಂದು ತಾಳೆ ನೋಡಿ. ಡೆಸ್ಕ್‌ಟಾಪ್‌ನ ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4 ಮತ್ತು ಡಿಡಿಆರ್5ಕ್ಕೆ 288 ಪಿನ್. ಪಿನ್ ಸಂಖ್ಯೆ ಒಂದೇ ಆದರೂ 4 ಮತ್ತು 5ರ ನಡುವಿನ ಕಚ್ಚು ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ರಲ್ಲಿ ಎಎಂಡಿ ಬೋರ್ಡ್‌ಗಳಿಗೆ ಮಾತ್ರ ಒಗ್ಗುವ ಅಗ್ಗದ ಪಟ್ಟಿಗಳೂ ಇವೆ. ಇಂಟೆಲ್ ಕಂಪ್ಯೂಟರ್ ಇರುವವರು ಇದನ್ನು ಕೇಳಿಯೇ ಕೊಳ್ಳಬೇಕು.

ಮನೆಗೆ ತಂದ ದಿನವೇ ಪರೀಕ್ಷೆ ನಡೆಸಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಸಾಲದು, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನು ಇಡೀ ರಾತ್ರಿ ಓಡಿಸುವುದು ಉತ್ತಮ. ಒಂದೇ ಒಂದು ದೋಷ ಕಂಡರೂ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ದೋಷ ಬಂದರೆ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ನೋಡಿ, ದೋಷ ತೋರಿಸುವುದನ್ನು ಬಳಸಬೇಡಿ. ಕೆಟ್ಟ ಮೆಮೊರಿ ಯಾವಾಗಲೂ ನೀಲಿ ಪರದೆ ತೋರಿಸಿ ನಿಲ್ಲುವುದಿಲ್ಲ. ಫೈಲ್ ಉಳಿಸುವಾಗ ಸದ್ದಿಲ್ಲದೆ ಅದನ್ನು ಕೆಡಿಸಿಬಿಡುತ್ತದೆ, ತಿಂಗಳ ನಂತರ ತೆರೆದಾಗಲೇ ಗೊತ್ತಾಗುವುದು.

ಅಂದಹಾಗೆ, 2666ರಿಂದ 3200ಕ್ಕೆ ಏರಿದರೆ ಸಿಗುವುದು ಶೇ 20ರಷ್ಟು ಹೆಚ್ಚಿನ ಸಾಗಣೆ ಸಾಮರ್ಥ್ಯ. ಬ್ರೌಸರ್, ಎಕ್ಸೆಲ್, ಆನ್‌ಲೈನ್ ತರಗತಿ ಬಳಸುವವರಿಗೆ ಅದು ಕಣ್ಣಿಗೆ ಕಾಣುವುದು ಕಡಿಮೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುತ್ತದೆ. 8 ಜಿಬಿಯಿಂದ 16 ಜಿಬಿಗೆ ಹೋಗುವ ಹಣದಲ್ಲಿ ವೇಗದ 8 ಜಿಬಿ ಕೊಳ್ಳುವುದು ಜಾಣತನವಲ್ಲ.

ಡಿಡಿಆರ್5 ಹಾಕಿಸಿಕೊಂಡವರಿಗೆ ಎರಡು ಮಾತು. ರೈಜನ್ 7000 ಸರಣಿಯಲ್ಲಿ ಎರಡು ಪಟ್ಟಿಗಳಿಗೆ ಅಧಿಕೃತ ವೇಗ 5200. ನಾಲ್ಕು ತುಂಬಿಸಿದರೆ ಅದು 3600ಕ್ಕೆ ಇಳಿಯುತ್ತದೆ. ಹೊಸ ರ‍್ಯಾಮ್ ಹಾಕಿದ ಮೇಲೆ ಮೊದಲ ಬಾರಿ ಆನ್ ಮಾಡಿದಾಗ ಬೋರ್ಡ್ ಆ ಮೆಮೊರಿಯನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಕೆಟ್ಟಿತೆಂದು ಪವರ್ ಬಟನ್ ಒತ್ತಿದರೆ ಪಳಗಿಸುವ ಕೆಲಸ ಮೊದಲಿನಿಂದ ಶುರುವಾಗುತ್ತದೆ.