ಮೆಡುಲರಿ ಥೈರಾಯ್ಡ್ ಕ್ಯಾನ್ಸರ್: ಪರೀಕ್ಷೆಗೆ ಸಾವಿರ, ಮಾತ್ರೆಗೆ ಲಕ್ಷ

‘ಥೈರಾಯ್ಡ್ ಕ್ಯಾನ್ಸರ್ ತಾನೇ, ಗುಣವಾಗುತ್ತೆ ಬಿಡಿ’ ಎಂದು ಧೈರ್ಯ ಹೇಳುವವರು ಬೇಕಾದಷ್ಟು ಮಂದಿ. ಪ್ಯಾಪಿಲರಿ ಬಗೆಗೆ ಆ ಮಾತು ಬಹುಮಟ್ಟಿಗೆ ನಿಜ. ಮೆಡುಲರಿ ಬಗೆಯ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ 1ರಿಂದ 2. ಮೊದಲ ಹಂತದಲ್ಲೇ ಸಿಕ್ಕವರಲ್ಲಿ 10 ವರ್ಷ ಬದುಕಿದವರು ಶೇ 100. ಎರಡನೇ ಹಂತದಲ್ಲಿ ಶೇ 93, ಮೂರನೆಯದರಲ್ಲಿ ಶೇ 71, ನಾಲ್ಕನೆಯದರಲ್ಲಿ ಶೇ 21. ಗಂಟು ಕೈಗೆ ಸಿಗುವಷ್ಟು ಬೆಳೆದಾಗ ಸುಮಾರು ಶೇ 70 ಮಂದಿಯಲ್ಲಿ ಅದು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿರುತ್ತದೆ.

ಪತ್ತೆಯಲ್ಲೇ ತೊಡಕಿದೆ. ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ ಪರೀಕ್ಷೆಯ ಮೇಲೆ ಎಲ್ಲರಿಗೂ ಭರವಸೆ. ಆದರೆ 641 ಮೆಡುಲರಿ ಗಂಟುಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ ಅದು ಸರಿಯಾಗಿ ಗುರುತಿಸಿದ್ದು ಶೇ 56ರಷ್ಟನ್ನು ಮಾತ್ರ. ಸಂಶಯ ಬಂದಾಗ ದಾರಿ ತೋರುವುದು ರಕ್ತದ ಕ್ಯಾಲ್ಸಿಟೋನಿನ್. ಈ ಕ್ಯಾನ್ಸರ್ ಹುಟ್ಟುವ ಸಿ-ಕೋಶಗಳೇ ಅದನ್ನು ಸ್ರವಿಸುತ್ತವೆ. ಖಾಸಗಿ ಲ್ಯಾಬಿನಲ್ಲಿ ಇದರ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಮಾದರಿಯನ್ನು ತಣ್ಣಗಿಟ್ಟು ಬೇಗ ಸಾಗಿಸದಿದ್ದರೆ ಅಂಕಿ ಸುಳ್ಳಾಗುತ್ತದೆ. ಸಣ್ಣ ಊರುಗಳ ಸಂಗ್ರಹ ಕೇಂದ್ರಗಳಲ್ಲಿ ಈ ಮಾತನ್ನು ಕೇಳಿಯೇ ರಕ್ತ ಕೊಡುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಗೆ ಮುನ್ನ ಈ ಅಂಕಿ ಮಿ.ಲೀ.ಗೆ 500 ಪಿಕೋಗ್ರಾಂ ದಾಟಿದ್ದರೆ ಎದೆ, ಯಕೃತ್ತು, ಮೂಳೆಗಳ ಸ್ಕ್ಯಾನ್ ಬೇಕಾಗುತ್ತದೆ.

ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ವಂಶದಿಂದ ಬಂದದ್ದು. ಕಾರಣ 10ನೇ ಕ್ರೋಮೋಸೋಮಿನ ರೆಟ್ ಜೀನ್. 1993ರಲ್ಲಿ ನಂಟು ಖಚಿತವಾಯಿತು. ನನ್ನ ಪ್ರಕಾರ ಖರ್ಚಿನ ಇಡೀ ಲೆಕ್ಕ ತಿರುಗುವುದು ಇಲ್ಲಿಯೇ. ದೋಷವಿರುವ ತಂದೆಯ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ 50. ಮನೆಯಲ್ಲಿ ಒಬ್ಬರ ದೋಷ ಯಾವುದೆಂದು ತಿಳಿದರೆ ಉಳಿದವರಲ್ಲಿ ಆ ಒಂದು ತಾಣವನ್ನಷ್ಟೇ ನೋಡಿದರೆ ಸಾಕು. ಇಲ್ಲವೆಂದು ಬಂದ ಮಗುವಿಗೆ ವರ್ಷವರ್ಷದ ತಪಾಸಣೆಯ ಗೋಜಿಲ್ಲ. ಇದೆಯೆಂದಾದರೆ ವಯಸ್ಸಿನ ಗಡುವಿದೆ: ಜೀನಿನ 634ನೇ ತಾಣದ (ಕೋಡಾನ್) ದೋಷಕ್ಕೆ 5 ವರ್ಷ ತುಂಬುವುದರೊಳಗೆ, 918ನೆಯದರ ತೀವ್ರ ದೋಷಕ್ಕೆ ಮೊದಲ ವರ್ಷದಲ್ಲೇ ಥೈರಾಯ್ಡ್ ತೆಗೆಯಬೇಕೆಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2015ರ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ಯಾರಿಗೂ ಇಲ್ಲ ಎನ್ನುವ ರೋಗಿಗೂ ಈ ಜೀನ್ ಪರೀಕ್ಷೆ ಬೇಕು. ಅಂಥವರಲ್ಲೂ ಕೆಲವರಲ್ಲಿ ದೋಷ ಸಿಗುತ್ತದೆ. ವಂಶದ ಬಗೆಯಲ್ಲಿ ಅಡ್ರಿನಲ್ ಗ್ರಂಥಿಯ ಗಡ್ಡೆಯೂ ಇರಬಹುದು. ಅದನ್ನು ನೋಡದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಏರಿ ಜೀವಕ್ಕೇ ಕುತ್ತು.

ಮೊದಲ ಶಸ್ತ್ರಚಿಕಿತ್ಸೆ ಅಚ್ಚುಕಟ್ಟಾಗಿರಬೇಕು: ಇಡೀ ಥೈರಾಯ್ಡ್, ಜೊತೆಗೆ ಕುತ್ತಿಗೆಯ ನಡುಭಾಗದ ದುಗ್ಧಗ್ರಂಥಿಗಳು. ರೇಡಿಯೋ ಅಯೋಡಿನ್ ಇಲ್ಲಿ ದಂಡ, ಸಿ-ಕೋಶಗಳು ಅಯೋಡಿನ್ ಹೀರುವುದೇ ಇಲ್ಲ. ಆಮೇಲೆ ಕೆ.ಜಿ.ಗೆ ಸುಮಾರು 1.6 ಮೈಕ್ರೋಗ್ರಾಂನಂತೆ, 60 ಕೆ.ಜಿ. ತೂಕದವರಿಗೆ 100ರ ಆಸುಪಾಸು, ಥೈರಾಕ್ಸಿನ್ ಮಾತ್ರೆ ಬದುಕಿಡೀ. ದಿನಕ್ಕೆ ಕೆಲವೇ ರೂಪಾಯಿ.

ಶಸ್ತ್ರಚಿಕಿತ್ಸೆಯ ಬಳಿಕ ಕ್ಯಾಲ್ಸಿಟೋನಿನ್ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ದುಪ್ಪಟ್ಟಾಗುತ್ತಿದೆ ಎಂಬುದು ಮುಖ್ಯ. 65 ರೋಗಿಗಳ ಫ್ರೆಂಚ್ ಅಧ್ಯಯನದಲ್ಲಿ 6 ತಿಂಗಳೊಳಗೆ ದುಪ್ಪಟ್ಟಾದವರಲ್ಲಿ 5 ವರ್ಷ ಬದುಕಿದವರು ಶೇ 25. ದುಪ್ಪಟ್ಟಾಗಲು 2 ವರ್ಷಕ್ಕೂ ಹೆಚ್ಚು ಬೇಕಾದವರೆಲ್ಲ ಅಧ್ಯಯನ ಮುಗಿದಾಗಲೂ ಬದುಕಿದ್ದರು. ಅಂಥವರಿಗೆ ದುಬಾರಿ ಔಷಧ ಶುರು ಮಾಡುವ ಆತುರ ಬೇಡ.

ಹರಡಿದ ರೋಗಕ್ಕೆ 2011ರಲ್ಲಿ ಬಂದ ವಾಂಡೆಟಾನಿಬ್, ರೋಗ ಉಲ್ಬಣಿಸದ ಅವಧಿಯನ್ನು 19.3 ತಿಂಗಳಿನಿಂದ 30.5ಕ್ಕೆ ಒಯ್ದಿತು. 2012ರ ಕ್ಯಾಬೊಜಾಂಟಿನಿಬ್ 4ರಿಂದ 11.2ಕ್ಕೆ. ರೆಟ್ ದೋಷವನ್ನೇ ಗುರಿಯಾಗಿಸಿದ ಸೆಲ್ಪರ್ಕಾಟಿನಿಬ್ 2020ರಲ್ಲಿ ಬಂತು. ಮೊದಲೇ ಬೇರೆ ಔಷಧ ಪಡೆದವರಲ್ಲೂ ಶೇ 69 ಮಂದಿಯ ಗಡ್ಡೆ ಕುಗ್ಗಿತು. ಅಮೆರಿಕದಲ್ಲಿ ಬಿಡುಗಡೆಯಾದಾಗ ಇದರ ಪಟ್ಟಿ ಬೆಲೆ ತಿಂಗಳಿಗೆ 20,000 ಡಾಲರ್ ಮೀರಿತ್ತು. ಡಾಲರಿಗೆ 85 ರೂಪಾಯಿ ಹಿಡಿದರೆ 17 ಲಕ್ಷ. ನಮ್ಮ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ ಸಿಗುವ ಮಿತಿ 5 ಲಕ್ಷ. ಆ ಬೆಲೆಯಲ್ಲಿ ಒಂಬತ್ತು ದಿನದ ಮಾತ್ರೆಗೂ ಸಾಲದು.