ಅಗ್ಗದ ಸ್ಮಾರ್ಟ್‌ಫೋನಿನ ಪ್ರೊಸೆಸರನ್ನು ಪರೀಕ್ಷಿಸತಕ್ಕ ಕ್ರಮ

ಹೊಲದ ಕೆಲಸಕ್ಕೆ ನೇಗಿಲು, ಕುಂಟೆ, ಎತ್ತುಗಳು ಹೇಗೆ ಅವಶ್ಯಕವೋ ಹಾಗೆಯೇ ಈಚಿನ ವರ್ಷಗಳಲ್ಲಿ ಸ್ಮಾರ್ಟ್‌ಫೋನು ಸಹ ಬೇಸಾಯಗಾರನಿಗೆ ಬೇಕಾದ ಒಂದು ಉಪಕರಣವಾಗಿರುವುದು. ಕರ್ನಾಟಕದಲ್ಲಿ ೨೦೨೦ನೆಯ ಇಸವಿಯ ಮುಂಗಾರಿನಿಂದ ರೈತನು ತನ್ನ ಜಮೀನಿನ ಬೆಳೆಯನ್ನು ತಾನೇ ಫೋನಿನ ಮೂಲಕ ದಾಖಲು ಮಾಡುವ ಪದ್ಧತಿಯು ಆಚರಣೆಗೆ ಬಂದಿದೆ. ಸರ್ವೆ ನಂಬರಿನ ಮೇರೆಯೊಳಗೆ ನಿಂತು, ಸ್ಥಳದ ಗುರುತಿನೊಡನೆ ಬೆಳೆಯ ಛಾಯಾಚಿತ್ರವನ್ನು ತೆಗೆದು ಕಳುಹಿಸಬೇಕಾಗುವುದು. ಬೆಳೆ ವಿಮೆ, ಬೆಳೆನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿ ಮುಂತಾದುವುಗಳಿಗೆ ಈ ದಾಖಲೆಯು ಉಪಯೋಗಕ್ಕೆ ಬರುವುದು. ರೈತನು ತಾನೇ ಮಾಡದಿದ್ದಲ್ಲಿ ಗ್ರಾಮಕ್ಕೆ ನೇಮಕವಾದ ಖಾಸಗಿ ನಿವಾಸಿಯು ಮಾಡುವುದುಂಟು. ಆತನ ಕೈಯಲ್ಲಿರುವುದೂ ಒಂದು ಫೋನೇ. ನಕ್ಷೆಯು ತೆರೆಯುವಷ್ಟರಲ್ಲಿ ಫೋನು ನಿಂತುಹೋದರೆ, ಅಥವಾ ಬಿಸಿಲಿನಲ್ಲಿ ಕಾದು ಛಾಯಾಚಿತ್ರವನ್ನು ತೆಗೆಯದೆ ಹೋದರೆ, ಗೊತ್ತಾದ ಅವಧಿಯು ಮೀರಿ ರೈತನಿಗೆ ನಷ್ಟವೊದಗುವ ಸಂಭವವುಂಟು. ಗ್ರಾಮದಲ್ಲಿ ಇಂತಹ ವಸ್ತುವನ್ನು ಕೊಳ್ಳುವವರು ಮೊದಲು ಊರಿನ ಮುಖಂಡರನ್ನೂ ದೊಡ್ಡ ಹಿಡುವಳಿದಾರರನ್ನೂ ವಿಚಾರಿಸುವುದು ವಾಡಿಕೆಯಾದುದರಿಂದ, ಅಗ್ಗದ ಫೋನಿನ ಗುಣದೋಷಗಳನ್ನು ಅವರು ಚೆನ್ನಾಗಿ ತಿಳಿದಿರುವುದು ಮೇಲು.

ಪ್ರೊಸೆಸರ್ ಎಂದರೇನು

ಫೋನಿನೊಳಗೆ ಲೆಕ್ಕವನ್ನೆಲ್ಲ ಮಾಡುವ ಸಣ್ಣ ಬಿಲ್ಲೆಗೆ ಪ್ರೊಸೆಸರ್ ಎಂದು ಹೆಸರು. ಲೆಕ್ಕ ಮಾಡುವ ಕೋರುಗಳು, ಚಿತ್ರವನ್ನು ಪರದೆಗೆ ತರುವ ಭಾಗ, ಕ್ಯಾಮರಾದ ಚಿತ್ರವನ್ನು ತಿದ್ದುವ ಭಾಗ, ಟವರಿನೊಡನೆ ವ್ಯವಹರಿಸುವ ಮೋಡೆಮ್, ಉಪಗ್ರಹಗಳಿಂದ ಸ್ಥಳವನ್ನು ಗೊತ್ತುಮಾಡುವ ಭಾಗ ಇವೆಲ್ಲವೂ ಸಾಧಾರಣವಾಗಿ ಒಂದೇ ಬಿಲ್ಲೆಯಲ್ಲಿ ಅಡಕವಾಗಿರುವುವು. ಆದಕಾರಣ ಬೆಳೆ ಸಮೀಕ್ಷೆಯಂತಹ ಕೆಲಸದಲ್ಲಿ ಅದರ ಪ್ರತಿಯೊಂದು ಭಾಗಕ್ಕೂ ದುಡಿಮೆಯುಂಟು. ಕೊಂಡ ಮೇಲೆ ಇದನ್ನು ಬದಲಾಯಿಸಲು ಅವಕಾಶವಿಲ್ಲ.

ಕೋರುಗಳ ಸಂಖ್ಯೆಯನ್ನು ಮಾತ್ರ ನಂಬಬಾರದು

ಅಂಗಡಿಯವರು ಹೇಳುವ ಮೊದಲ ಮಾತು, “ಎಂಟು ಕೋರು, ಎರಡೂ ಕಾಲು ಗಿಗಾಹರ್ಟ್ಸ್” ಎಂಬುದು. ಇವೆರಡು ಅಂಕಿಗಳಿಂದ ಫೋನಿನ ಯೋಗ್ಯತೆಯು ತಿಳಿಯುವುದಿಲ್ಲವೆಂಬುದಕ್ಕೆ ಮೀಡಿಯಾಟೆಕ್ ಕಂಪೆನಿಯು ೨೦೨೦ರಲ್ಲಿ ಹೊರತಂದ ಎರಡು ಪ್ರೊಸೆಸರುಗಳೇ ಸಾಕಾದ ನಿದರ್ಶನ.

ಹೀಲಿಯೋ ಜಿ-೩೫ ಎಂಬುದರಲ್ಲಿ ಎಂಟು ಕೋರುಗಳು; ಎಂಟೂ ಕಾರ್ಟೆಕ್ಸ್ ಎ-೫೩ ಜಾತಿಯವು; ಗರಿಷ್ಠ ವೇಗ ೨.೩ ಗಿಗಾಹರ್ಟ್ಸ್. ಹೀಲಿಯೋ ಜಿ-೮೫ ಎಂಬುದರಲ್ಲಿಯೂ ಎಂಟೇ ಕೋರುಗಳು. ಆದರೆ ಎರಡು ಕಾರ್ಟೆಕ್ಸ್ ಎ-೭೫ ಜಾತಿಯವು, ಅವುಗಳ ವೇಗ ೨.೦ ಗಿಗಾಹರ್ಟ್ಸ್; ಉಳಿದ ಆರು ಎ-೫೫ ಜಾತಿಯವು, ಅವುಗಳ ವೇಗ ೧.೮ ಗಿಗಾಹರ್ಟ್ಸ್. ಕಾಗದದ ಮೇಲೆ ಮೊದಲನೆಯದೇ ಮೇಲೆಂದು ತೋರುವುದು. ಆದರೆ ಒಂದೊಂದೇ ಕೋರಿನ ಕೆಲಸವನ್ನು ಅಳೆದು ನೋಡಿದರೆ ಎರಡನೆಯದರ ಶಕ್ತಿಯು ಮೊದಲನೆಯದರ ಸುಮಾರು ಎರಡರಷ್ಟಾಗುವುದು.

ಇದಕ್ಕೆ ಕಾರಣವಿಷ್ಟೆ. ಎ-೫೩ ಎಂಬುದು ಆರ್ಮ್ ಕಂಪೆನಿಯು ೨೦೧೨ರಲ್ಲಿ ಪ್ರಕಟಿಸಿದ ಸಣ್ಣ ಕೋರು. ಅದು ತನಗೆ ಬಂದ ಆದೇಶಗಳನ್ನು ಬಂದ ಕ್ರಮದಲ್ಲಿಯೇ ನಡೆಸುವುದು. ಒಂದು ಆದೇಶಕ್ಕೆ ಬೇಕಾದ ಅಂಕಿಯು ಬರುವುದು ತಡವಾದರೆ ಹಿಂದಿನವೆಲ್ಲವೂ ಕಾದು ನಿಲ್ಲುವುವು. ೨೦೧೭ರಲ್ಲಿ ಪ್ರಕಟವಾದ ಎ-೭೫ ಹಾಗಲ್ಲ. ಒಂದು ಆದೇಶವು ನಿಂತರೆ ಅದನ್ನು ಬದಿಗಿರಿಸಿ, ಸಿದ್ಧವಾಗಿರುವ ಮತ್ತೊಂದನ್ನು ನಡೆಸುವುದು. ಬಿತ್ತನೆಯ ಬೀಜವು ಬರುವವರೆಗೆ ಬದುವಿನ ಮೇಲೆ ಕುಳಿತಿರುವ ಆಳಿಗೂ, ಅಷ್ಟರೊಳಗೆ ಮುಂದಿನ ಸಾಲನ್ನು ಹದಮಾಡುವ ಆಳಿಗೂ ಇರುವ ಭೇದವೇ ಇಲ್ಲಿಯೂ ಇರುವುದು.

ಎಂಟು ಕೋರುಗಳೂ ಒಟ್ಟಿಗೆ ದುಡಿಯುವಾಗ ಇವೆರಡಕ್ಕೂ ಅಂತರವು ಅಷ್ಟಾಗಿ ಕಾಣದು. ಆದರೆ ಆ್ಯಪನ್ನು ತೆರೆಯುವುದು, ಪುಟವನ್ನು ಸರಿಸುವುದು, ನಕ್ಷೆಯನ್ನು ಹಿಗ್ಗಿಸುವುದು ಮುಂತಾದ ನಿತ್ಯದ ಕೆಲಸಗಳು ಬಹುಮಟ್ಟಿಗೆ ಒಂದೆರಡು ಕೋರುಗಳ ಮೇಲೆಯೇ ಬೀಳುವುವು. ಎಂಟು ಕರುಗಳನ್ನು ಕಟ್ಟಿದ ಮಾತ್ರಕ್ಕೆ ಒಂದು ಜೋಡಿ ಹಳ್ಳಿಕಾರ್ ಎತ್ತುಗಳ ಉಳುಮೆಯು ಸಾಗದಷ್ಟೆ. ಆದುದರಿಂದ ಕೊಳ್ಳುವವರು “ಎಷ್ಟು ಕೋರು” ಎಂದು ಕೇಳುವುದರ ಬದಲು “ದೊಡ್ಡ ಕೋರುಗಳೆಷ್ಟು, ಅವು ಯಾವ ಜಾತಿಯವು” ಎಂದು ಕೇಳತಕ್ಕದ್ದು. ಎ-೭೫, ಎ-೭೬, ಎ-೭೮ ಇವು ದೊಡ್ಡವು; ಎ-೫೩, ಎ-೫೫ ಸಣ್ಣವು. ಬರಿಯ ಸಣ್ಣ ಕೋರುಗಳೇ ಇರುವ ಫೋನು ಮಾತನಾಡುವುದಕ್ಕೆ ಸಾಕಾದೀತೇ ಹೊರತು ಸಮೀಕ್ಷೆಯ ಕೆಲಸಕ್ಕೆ ಅಷ್ಟು ತಕ್ಕುದಲ್ಲ.

ನ್ಯಾನೋಮೀಟರ್ ಮತ್ತು ಕಾವು

ಪ್ರೊಸೆಸರನ್ನು ತಯಾರಿಸುವ ಕ್ರಮವನ್ನು ನ್ಯಾನೋಮೀಟರುಗಳಲ್ಲಿ ಹೆಸರಿಸುವರು. ಈ ಅಂಕಿಯು ಚಿಕ್ಕದಾದಷ್ಟೂ ಅದೇ ಕೆಲಸಕ್ಕೆ ಖರ್ಚಾಗುವ ವಿದ್ಯುತ್ತೂ ಹುಟ್ಟುವ ಕಾವೂ ಸಾಧಾರಣವಾಗಿ ಕಡಮೆಯಾಗುವುವು. ಮೇಲೆ ಹೇಳಿದ ಎರಡೂ ೧೨ ನ್ಯಾನೋಮೀಟರಿನವು. ೨೦೨೨ರಲ್ಲಿ ಬಂದ ಹೀಲಿಯೋ ಜಿ-೯೯ ಎಂಬುದು ೬ ನ್ಯಾನೋಮೀಟರಿನದು, ಅದರಲ್ಲಿ ೨.೨ ಗಿಗಾಹರ್ಟ್ಸ್ ವೇಗದ ಎರಡು ಎ-೭೬ ಕೋರುಗಳಿರುವುವು. ಕ್ವಾಲ್‌ಕಾಮ್ ಕಂಪೆನಿಯು ೨೦೨೩ರಲ್ಲಿ ಹೊರತಂದ ಸ್ನ್ಯಾಪ್‌ಡ್ರ್ಯಾಗನ್ ೪ ಜೆನ್ ೨ ಎಂಬುದು ೪ ನ್ಯಾನೋಮೀಟರಿನದು. ಅದರಲ್ಲಿ ಎರಡು ಎ-೭೮ ಕೋರುಗಳೂ ೫ಜಿ ಮೋಡೆಮ್ಮೂ ಉಂಟು.

ಫೋನಿನಲ್ಲಿ ಬೀಸಣಿಗೆಯಿಲ್ಲ. ಕಾವು ಮಿತಿ ಮೀರಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು, ಪರದೆಯೂ ಮಂಕಾಗುವುದುಂಟು. ನೆರಳಿನಲ್ಲಿ ಚುರುಕಾಗಿದ್ದ ಫೋನು ನಡುಹಗಲಿನ ಹೊಲದಲ್ಲಿ ಜಡವಾಗುವುದು ಇದರಿಂದಲೇ.

ಸಂಗ್ರಹ ಮತ್ತು ರ್‍ಯಾಮ್

ಎತ್ತು ಒಳ್ಳೆಯದಾದರೂ ಗಾಡಿಯ ಗಾಲಿಯು ಮುರುಕಾದರೆ ಪ್ರಯಾಣವು ಸಾಗದು. ಅಗ್ಗದ ಫೋನುಗಳಲ್ಲಿ ಕಡತಗಳನ್ನಿರಿಸುವ ಸಂಗ್ರಹವು ಎರಡು ಬಗೆ: ಇಎಂಎಂಸಿ ಮತ್ತು ಯುಎಫ್‌ಎಸ್. ಇಎಂಎಂಸಿ ೫.೧ರ ದಾರಿಯ ಮಿತಿಯು ಸೆಕೆಂಡಿಗೆ ೪೦೦ ಮೆಗಾಬೈಟ್. ಅದರಲ್ಲಿ ಓದುವುದೂ ಬರೆಯುವುದೂ ಏಕಕಾಲದಲ್ಲಿ ನಡೆಯಲಾರವು. ಯುಎಫ್‌ಎಸ್ ಇದಕ್ಕಿಂತ ಬಹಳ ಅಗಲವಾದ ದಾರಿ. ಎರಡೂ ಕೆಲಸಗಳು ಒಟ್ಟಿಗೆ ನಡೆಯುವುವು. ಬೆಲೆಯ ಅಂತರವು ಅಲ್ಪವಾಗಿದ್ದಲ್ಲಿ ಯುಎಫ್‌ಎಸ್ ಇರುವುದನ್ನೇ ಆರಿಸತಕ್ಕದ್ದು.

“೪ + ೪ ಜಿಬಿ ರ್‍ಯಾಮ್” ಎಂಬ ಪ್ರಕಟನೆಯಿಂದ ಮೋಸಹೋಗಕೂಡದು. ಎರಡನೆಯ ನಾಲ್ಕು ನಿಜವಾದ ರ್‍ಯಾಮ್ ಅಲ್ಲ. ನಿಧಾನವಾದ ಸಂಗ್ರಹದ ಒಂದು ಭಾಗವನ್ನು ರ್‍ಯಾಮಿನಂತೆ ಬಳಸುವುದಷ್ಟೆ. ಮೊದಲನೆಯ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಅಂಕಿಗಳ ಪರೀಕ್ಷೆ

ಗೀಕ್‌ಬೆಂಚ್, ಆನ್‌ಟುಟು ಮೊದಲಾದ ಆ್ಯಪುಗಳು ಪ್ರೊಸೆಸರಿಗೆ ಲೆಕ್ಕ ಕೊಟ್ಟು ಅಂಕಿ ಹಾಕುವುವು. ಇವುಗಳ ವಿಷಯದಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ. ಗೀಕ್‌ಬೆಂಚ್ ೫ರ ಅಂಕಿಯನ್ನು ಗೀಕ್‌ಬೆಂಚ್ ೬ರ ಅಂಕಿಗೆ ಹೋಲಿಸಬಾರದು. ಎರಡರ ಅಳತೆಗೋಲುಗಳೂ ಬೇರೆ. ನಿತ್ಯದ ಕೆಲಸಕ್ಕೆ ಒಂಟಿ ಕೋರಿನ ಅಂಕಿಯನ್ನು ಮೊದಲು ನೋಡತಕ್ಕದ್ದು. ಮೂರನೆಯದಾಗಿ, ಪರೀಕ್ಷೆಯ ಆ್ಯಪಿಗೊಂದು, ಉಳಿದ ಆ್ಯಪುಗಳಿಗೊಂದು ರೀತಿಯಲ್ಲಿ ವೇಗವನ್ನು ಏರ್ಪಡಿಸಿದ ಫೋನುಗಳೂ ಉಂಟು. ೨೦೨೨ರಲ್ಲಿ ಗೀಕ್‌ಬೆಂಚ್‌ನವರು ಈ ಕಾರಣದಿಂದ ಕೆಲವು ಫೋನುಗಳನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಸಂತೆಯ ದಿನ ಮೇವು ತಿನ್ನಿಸಿ ತಂದ ಎತ್ತನ್ನು ನೊಗಕ್ಕೆ ಹೂಡದೆ ಕೊಳ್ಳುವವರಿಲ್ಲ.

ಹೊಲದಲ್ಲಿ ಮಾಡತಕ್ಕ ಪರೀಕ್ಷೆ

ಕೊಳ್ಳಬೇಕೆಂದಿರುವ ಮಾದರಿಯ ಫೋನು ಊರಿನಲ್ಲಿ ಅಥವಾ ನೆರೆಯಲ್ಲಿ ಯಾರಲ್ಲಿಯಾದರೂ ಇದ್ದರೆ, ಅವರ ಒಪ್ಪಿಗೆಯಿಂದ ಈ ಕೆಳಗಿನಂತೆ ಪರೀಕ್ಷಿಸುವುದು ಉತ್ತಮ.

೧. ಮಧ್ಯಾಹ್ನದ ಹೊತ್ತಿನಲ್ಲಿ ಹೊಲಕ್ಕೆ ಹೋಗಿ ನಕ್ಷೆಯ ಆ್ಯಪನ್ನು ತೆರೆದು, ಸ್ಥಳದ ಗುರುತು ಸರಿಯಾಗಿ ನಿಲ್ಲಲು ಎಷ್ಟು ಹೊತ್ತು ಹಿಡಿಯುವುದೆಂದು ನೋಡುವುದು.

೨. ಒಂದಾದ ಮೇಲೊಂದರಂತೆ ಇಪ್ಪತ್ತು ಛಾಯಾಚಿತ್ರಗಳನ್ನು ತೆಗೆದು, ಮೊದಲನೆಯದಕ್ಕೂ ಕೊನೆಯದಕ್ಕೂ ಹಿಡಿದ ಹೊತ್ತನ್ನು ಹೋಲಿಸುವುದು.

೩. ಕ್ಯಾಮರಾದಿಂದ ನಕ್ಷೆಗೂ ನಕ್ಷೆಯಿಂದ ಕ್ಯಾಮರಾಕ್ಕೂ ಹಲವು ಬಾರಿ ಹೋಗಿಬರುವುದು. ಹಿಂದಿನ ಆ್ಯಪು ಪ್ರತಿಸಲವೂ ಮೊದಲಿನಿಂದ ತೆರೆದರೆ ರ್‍ಯಾಮ್ ಸಾಲದೆಂದು ಗ್ರಹಿಸಬಹುದು.

೪. ಕಾಲು ಗಂಟೆಯ ನಂತರವೂ ಫೋನು ಮೊದಲಿನಂತೆಯೇ ನಡೆದರೆ ಅದನ್ನು ಧಾರಾಳವಾಗಿ ಕೊಳ್ಳಬಹುದು.

ಹಳೆಯ ಫೋನನ್ನು ಬಿಡುವ ಮುನ್ನ

ಫೋನು ನಿಧಾನವಾದುದಕ್ಕೆಲ್ಲ ಪ್ರೊಸೆಸರೇ ಕಾರಣವಲ್ಲ. ಟವರಿನ ಸಂಪರ್ಕವು ಕ್ಷೀಣವಾಗಿದ್ದರೆ, ಅಥವಾ ಸಮೀಕ್ಷೆಯ ಕಡೆಯ ದಿನಗಳಲ್ಲಿ ಎಲ್ಲರೂ ಒಮ್ಮೆಗೇ ಕಳುಹಿಸಲು ತೊಡಗಿದರೆ, ಎಷ್ಟು ಬೆಲೆಯ ಫೋನಾದರೂ ಕಾಯಲೇಬೇಕು. ಅದೇ ಕೆಲಸವನ್ನು ಮುಂಜಾನೆ ಮಾಡಿ ನೋಡಿದರೆ ಭೇದವು ತಿಳಿಯುವುದು. ಸಂಗ್ರಹವು ತುಂಬಿದ್ದರೆ ಬೇಡವಾದ ಚಿತ್ರಗಳನ್ನು ಅಳಿಸಿ ಮತ್ತೆ ಪ್ರಯತ್ನಿಸತಕ್ಕದ್ದು. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಹೊಸದಕ್ಕೆ ಹಣವನ್ನು ತೆಗೆಯುವುದು ವಿವೇಕ.

ಸಾರಾಂಶವೇನೆಂದರೆ, ಕನಿಷ್ಠ ಎರಡು ದೊಡ್ಡ ಕೋರುಗಳು, ಚಿಕ್ಕ ನ್ಯಾನೋಮೀಟರಿನ ತಯಾರಿಕೆ, ಯುಎಫ್‌ಎಸ್ ಸಂಗ್ರಹ ಇವುಗಳಿರುವ ಫೋನನ್ನು ಹೊಲದಲ್ಲಿ ಪರೀಕ್ಷಿಸಿ ಕೊಂಡವರು ಪಶ್ಚಾತ್ತಾಪಪಡುವ ಸಂದರ್ಭವು ವಿರಳ. ಗ್ರಾಮದ ಮುಖಂಡರು ಈ ವಿಷಯಗಳನ್ನು ಸಣ್ಣ ಹಿಡುವಳಿದಾರರಿಗೂ ತಿಳಿಯಹೇಳಿದರೆ, ಅವರು ಕಷ್ಟಪಟ್ಟು ಕೂಡಿಟ್ಟ ಹಣವು ವ್ಯರ್ಥವಾಗದೆ, ಅವರ ಬೆಳೆಯೂ ಕಾಲಕ್ಕೆ ಸರಿಯಾಗಿ ದಾಖಲೆಗೆ ಬರುವುದು.